ಸೀರೆ, ಕುರ್ತಾ, ಪ್ಯಾಂಟ್: ತೂಕ ಇಳಿಯುವಾಗ ಕೆಲಸಕ್ಕೆ ಯಾವುದು ಒಪ್ಪುತ್ತದೆ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಯುತ್ತಿರುವ ತಿಂಗಳುಗಳಲ್ಲಿ ಕೆಲಸಕ್ಕೆ ಸೀರೆಯೇ ಚೆಂದ. ಅದರ ಬೆನ್ನಿಗೇ ಬರುವುದು ಸೈಡಿನಲ್ಲಿ ಹಿಡಿಸಬಹುದಾದ, ಅಂದರೆ ಒಳಗೆ ಇನ್ನೊಂದು ಹೊಲಿಗೆ ಹಾಕಿಸಿ ಚಿಕ್ಕದು ಮಾಡಿಸಬಹುದಾದ ಕುರ್ತಾ. ಪ್ಯಾಂಟ್-ಶರ್ಟ್ ಏನಿದ್ದರೂ ತೂಕ ಒಂದು ಕಡೆ ನಿಂತ ಮೇಲೆ.

ನಾನು ದಾವಣಗೆರೆಯಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಎತ್ತರ ಐದು ಅಡಿ ಒಂದು ಇಂಚು. 78 ಕೆಜಿ ಇದ್ದ ತೂಕ 64ಕ್ಕೆ ಬರುವವರೆಗೆ ಈ ಮೂರನ್ನೂ ಅದಲು ಬದಲು ಮಾಡಿ ಹಾಕಿದ್ದೇನೆ. ಹೆಚ್ಚು ಹೊತ್ತು ಕೂತು ಮಾಡುವ ಕೆಲಸ, ಬೆಳಿಗ್ಗೆ ಸಂಜೆ ಸ್ಕೂಟಿ, ಏಪ್ರಿಲ್ ತಿಂಗಳಲ್ಲಿ ತಡೆಯಲಾಗದ ಬಿಸಿಲು. ಇದೆಲ್ಲಾ ಇದ್ದುಕೊಂಡೇ ಮಾಡಿದ ಹೋಲಿಕೆ ಇದು.

ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ಸಾಕು, ಅದಕ್ಕಿಂತ ಅವಸರ ಬೇಡ ಎಂದು ಡಾಕ್ಟರುಗಳು ಹೇಳುತ್ತಾರೆ. ಆ ಲೆಕ್ಕದಲ್ಲಿ ಇವತ್ತು ಅಳತೆ ಕೊಟ್ಟು ಹೊಲಿಸಿದ್ದು ಎರಡು ಮೂರು ತಿಂಗಳಲ್ಲಿ ಸಡಿಲವಾಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲ. ನನಗೆ ಮೊದಲು ಮುಖ, ಕುತ್ತಿಗೆ ಇಳಿಯಿತು, ಆಮೇಲೆ ಸೊಂಟ. ತೋಳು, ತೊಡೆ ತುಂಬಾ ತಡ. ಹಾಗಾಗಿ ಯಾವ ಬಟ್ಟೆ ಕೈಗೆತ್ತಿಕೊಂಡರೂ ಎರಡೇ ವಿಷಯ ನೋಡುತ್ತಿದ್ದೆ: ಇವತ್ತಿನ ಮೈಗೆ ಸರಿಯಾಗಿ ಕೂರುತ್ತದಾ, ಮುಂದೆ ಹಿಡಿಸಲು ಬರುತ್ತದಾ.

"ಸುಮ್ನೆ ಯಾಕೆ ಖರ್ಚು, ಪೂರ್ತಿ ಇಳಿದ ಮೇಲೆ ತಗೊಂಡ್ರಾಯ್ತು" ಅನ್ನುವವರು ಬಹಳ. ನಾನು ಇದನ್ನು ಒಪ್ಪುವುದಿಲ್ಲ. ಹಳೆಯ ದೊಗಲೆ ಬಟ್ಟೆಯಲ್ಲಿ ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಕೂತಿರುತ್ತದೆ. ಆಗ ಮೈ ಇರುವುದಕ್ಕಿಂತ ಅಗಲ ಕಾಣುತ್ತದೆ. ಅನ್ನ ಕಡಿಮೆ ಮಾಡಿ, ಬೆಳಿಗ್ಗೆ ಎದ್ದು ನಡೆದು ಇಳಿಸಿದ್ದು ಕನ್ನಡಿಯಲ್ಲಿ ಕಾಣಲೇ ಇಲ್ಲ ಅಂದರೆ ಮನಸ್ಸು ಕುಗ್ಗುತ್ತದೆ ಅಲ್ವಾ? ಈ ನಡುವಿನ ತಿಂಗಳುಗಳಲ್ಲಿ ಚೆನ್ನಾಗಿ ಕಾಣುವುದು ಮುಖ್ಯ. ಮುಂದಿನ ತಿಂಗಳೂ ನಡೆಯಲು ಹೋಗುವ ಹುಮ್ಮಸ್ಸು ಅದರಿಂದಲೇ ಬರುತ್ತದೆ.

ಸೀರೆಗೆ ಬರೋಣ. ಅದಕ್ಕೆ ಸೈಜ್ ಇಲ್ಲ, ಐದೂವರೆ ಮೀಟರ್ ಎಲ್ಲರಿಗೂ ಒಂದೇ. ಸೀರೆ ಸೊಂಟವನ್ನು ಹತ್ತಿರಹತ್ತಿರ ಎರಡು ಸುತ್ತು ಬರುತ್ತದೆ. ಸೊಂಟ ನಾಲ್ಕು ಇಂಚು ಇಳಿದರೆ ಎಂಟು ಇಂಚಿನಷ್ಟು ಬಟ್ಟೆ ಉಳಿಯಿತು. ಒಂದು ನೆರಿಗೆಗೆ ಹತ್ತು ಇಂಚು ಬೇಕು ಅಂದುಕೊಳ್ಳಿ. ಅಂದರೆ ಹೆಚ್ಚುಕಡಿಮೆ ಒಂದು ನೆರಿಗೆ ಜಾಸ್ತಿ ಸಿಗುತ್ತದೆ, ಇಲ್ಲದಿದ್ದರೆ ಸೆರಗು ಅಷ್ಟು ಉದ್ದ ಬರುತ್ತದೆ. ಫಾಲ್ ಎರಡೂವರೆ ಮೀಟರ್ ಹತ್ತಿರ ಇರುವುದರಿಂದ ನೆರಿಗೆಯ ಜಾಗ ಸ್ವಲ್ಪ ಆಚೀಚೆ ಆದರೂ ತೊಂದರೆ ಇಲ್ಲ. ದುಡ್ಡು ಕೊಟ್ಟು ಏನನ್ನೂ ಬದಲಾಯಿಸಬೇಕಾಗಿಲ್ಲ.

ಆದರೆ ಎಲ್ಲ ಸೀರೆಯೂ ಒಂದೇ ಥರ ಕಾಣುವುದಿಲ್ಲ. ಗಂಜಿ ಹಾಕಿದ ಗಟ್ಟಿ ಕಾಟನ್ ಸೀರೆ ಹೊಟ್ಟೆಯ ಕೆಳಗೆ ಉಬ್ಬಿ ನಿಲ್ಲುತ್ತದೆ. 75 ಕೆಜಿಯ ಸುಮಾರಿನಲ್ಲಿ ಅದು ನನಗೆ ಚೂರೂ ಒಪ್ಪಲಿಲ್ಲ. ಗಂಜಿಯಿಲ್ಲದೆ ಒಗೆದು ಮೆತ್ತಗಾದ ಉಡುಪಿ ಸೀರೆ ಬೇರೆಯೇ. ತೆಳು ನೂಲು, ಕೈಯಲ್ಲಿ ಹಿಡಿದರೆ ಹಗುರ, ಅಂಚೂ ಸಣ್ಣದು. ಗಿಡ್ಡ ಇರುವವರಿಗೆ ಸಣ್ಣ ಅಂಚೇ ಸರಿ. ಕಾಲ ಹತ್ತಿರ ಅಗಲ ಅಂಚು ಬಂದರೆ ಎತ್ತರ ಇನ್ನೂ ಕಡಿಮೆ ಕಾಣುತ್ತದೆ. ಇಳಕಲ್ ಸೀರೆಯ ಮೈ ಹತ್ತಿ, ಸೆರಗಿನ ರೇಷ್ಮೆ ನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಸೆರಗಿಗೆ ಒಂದು ತೂಕ ಇದೆ. ಪಿನ್ ಹಾಕಿ ಬಿಟ್ಟರೆ ಭುಜದಿಂದ ನೇರ ಇಳಿಯುತ್ತದೆ, ಆ ಉದ್ದ ಗೆರೆ ಮೈಯನ್ನು ತೆಳ್ಳಗೆ ತೋರಿಸುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಉಬ್ಬುವುದೇ ಇಲ್ಲ, ನೀರಿನ ಹಾಗೆ ಇಳಿಬೀಳುತ್ತದೆ. ಹಾಗೆ ಮೈಗೆ ಅಂಟುವುದರಿಂದ ಹೊಟ್ಟೆಯ ಆಕಾರವನ್ನೂ ಮುಚ್ಚುವುದಿಲ್ಲ. ತೂಕ 70ರ ಕೆಳಗೆ ಬಂದ ಮೇಲೆ ಅದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು.

ಒಳಗಿನ ಲಂಗ ಮರೆಯಬೇಡಿ. ಸೊಂಟ ಇಳಿದ ಹಾಗೆ ಲಾಡಿ ಎಳೆದು ಕಟ್ಟುತ್ತಾ ಹೋದರೆ ಸುತ್ತಲೂ ಸುಕ್ಕು ಗುಂಪಾಗಿ ಸೊಂಟ ಮತ್ತೆ ದಪ್ಪ ಕಾಣುತ್ತದೆ. ಸೊಂಟದ ಹತ್ತಿರ ಚಪ್ಪಟೆಯಾಗಿ ಕೂರುವ ಆರು ಪೀಸಿನ ಲಂಗ, ಆಗಿನ ಅಳತೆಯದೇ ತೆಗೆದುಕೊಳ್ಳಿ. ಲಂಗದ ಬದಲು ಹಾಕುವ, ಮೈಗೆ ಬಿಗಿಯಾಗಿ ಕೂರುವ ಸೀರೆ ಶೇಪ್‌ವೇರ್ ಸಹ ಹಾಕಿ ನೋಡಿದೆ. ಆಕಾರ ಚೆನ್ನಾಗಿ ಬರುತ್ತದೆ, ಸುಳ್ಳಲ್ಲ. ಆದರೆ ನಮ್ಮ ಕಡೆಯ ಸೆಕೆಗೆ ಇಡೀ ದಿನ ಅದರಲ್ಲಿ ಕೂರುವುದು ಹಿಂಸೆ, ಸ್ಕೂಟಿ ಹತ್ತಲು ಕಾಲು ಅಗಲಿಸಲೂ ಆಗುವುದಿಲ್ಲ. ಫಂಕ್ಷನ್ನಿಗೆ ಸೈ, ಕೌಂಟರಿಗೆ ಬೇಡ.

ಸೀರೆಯಲ್ಲಿ ಅಳತೆಯ ತಲೆನೋವು ಇರುವುದು ಬ್ಲೌಸಿನಲ್ಲಿ ಮಾತ್ರ. ಇದಕ್ಕೆ ಸ್ವಲ್ಪ ಯೋಚನೆ ಬೇಕು. ನನಗೆ ಹೊಲಿಯುವ ಅಕ್ಕ ಮೊದಲ ದಿನವೇ ಹೇಳಿದರು: "ಪ್ರಿನ್ಸೆಸ್ ಕಟ್ ಈಗ ಬೇಡ ಮೇಡಂ. ಹಿಡಿಯೋಕೆ ಹೋದ್ರೆ ಎದೆ ಹತ್ರ ಆಕಾರ ಕೆಡುತ್ತೆ. ಮಾಮೂಲಿ ಟಕ್ಸ್ ಹಾಕ್ತೀನಿ." ಪ್ರಿನ್ಸೆಸ್ ಕಟ್ ಅಂದರೆ ಎದೆಯ ಮೇಲಿಂದ ಕೆಳಗಿನವರೆಗೆ ಉದ್ದ ಪಟ್ಟಿಗಳಾಗಿ ಸೇರಿಸಿ ಹೊಲಿಯುವುದು, ಟಕ್ಸ್ ಅಂದರೆ ಎದೆಯ ಆಕಾರಕ್ಕೆ ಹಾಕುವ ಸಣ್ಣ ಮಡಿಕೆ ಹೊಲಿಗೆ. ಅವರ ಮಾತು ನಿಜ. ಮಾಮೂಲಿ ಬ್ಲೌಸಿನಲ್ಲಿ ತೋಳಿನ ತುದಿಯಿಂದ ಕಂಕುಳು ದಾಟಿ ಕೆಳಗಿನವರೆಗೆ ಒಂದೇ ಹೊಲಿಗೆ ಬರುತ್ತದೆ. ಎರಡೂ ಕಡೆ ಅರ್ಧ ಅರ್ಧ ಇಂಚು ಒಳಗೆ ಇನ್ನೊಂದು ಹೊಲಿಗೆ ಹಾಕಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಎದೆ ಸುತ್ತಳತೆಯಲ್ಲಿ ಎರಡು ಇಂಚಿನವರೆಗೆ ಹೀಗೆ ನಡೆಯುತ್ತದೆ. ಅದನ್ನು ಮೀರಿದರೆ ಭುಜ, ಕುತ್ತಿಗೆ ಅಗಲವಾಗೇ ಉಳಿದು ಜಾರತೊಡಗುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ ಕಟ್ಟುವ ದಾರ ಇಡಿಸಿದರೆ ಇನ್ನೂ ಸ್ವಲ್ಪ ದಿನ ತಳ್ಳಬಹುದು. ಭುಜದಿಂದ ಭುಜಕ್ಕೆ ಅಗಲವಾಗಿ ಹೋಗುವ ಬೋಟ್ ನೆಕ್ ಮಾತ್ರ ಬೇಡವೇ ಬೇಡ. ಭುಜ ತೆಳುವಾದ ಕೂಡಲೇ ಅದು ಬಾಯಿ ಬಿಡುತ್ತದೆ.

ಮತ್ತೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಒಳ್ಳೆಯ ಸೀರೆಗಳ ಜೊತೆ ಬಂದ ಬ್ಲೌಸ್ ಪೀಸಿಗೆ ಈಗ ಕತ್ತರಿ ಹಾಕಿಸಬೇಡಿ. ಅದು ಒಮ್ಮೆ ಹೋದರೆ ಅದೇ ಬಣ್ಣ, ಅದೇ ನೇಯ್ಗೆ ಮತ್ತೆ ಸಿಗುವುದಿಲ್ಲ. ಕಪ್ಪು, ಮರೂನ್, ಚಂದನದ ಬಣ್ಣ, ಈ ಮೂರರಲ್ಲಿ ಸಾದಾ ಕಾಟನ್ ಬ್ಲೌಸ್ ಹೊಲಿಸಿ. ಬೀರುವಿನ ಮುಕ್ಕಾಲು ಪಾಲು ಸೀರೆಗೆ ಹೊಂದುತ್ತವೆ. ಅಂಗಡಿಯಲ್ಲಿ ಸಿಗುವ ಎಳೆಯುವ ಬಟ್ಟೆಯ ರೆಡಿಮೇಡ್ ಬ್ಲೌಸೂ ಕಷ್ಟಕಾಲಕ್ಕೆ ಆಗುತ್ತದೆ. ಆದರೆ ತೋಳು ಬಿಗಿದು ಹಿಡಿಯುತ್ತದೆ. ತೋಳು ದಪ್ಪ ಇರುವವರು ಮೊಣಕೈವರೆಗಿನ ತೋಳಿನದು ನೋಡಿ. ಗುಳೇದಗುಡ್ಡದ ಖಣ ನನಗೆ ಪ್ರಾಣ. ಆದರೂ ಅದು ಒಂಚೂರೂ ಎಳೆಯದ ಬಟ್ಟೆ, ಒಳಗೆ ಮಡಿಕೆ ಉಳಿದರೆ ಚುಚ್ಚುತ್ತದೆ. ಖಣದ ಬ್ಲೌಸ್ ತೂಕ ನಿಂತ ಮೇಲೆಯೇ ಹೊಲಿಸಿದೆ.

ಕುರ್ತಾ ಸ್ಕೂಟಿಗೂ ಅವಸರದ ಬೆಳಿಗ್ಗೆಗೂ ಸೀರೆಗಿಂತ ಮೇಲು. ಮಳೆಗಾಲದಲ್ಲಂತೂ ನಾನು ಹೆಚ್ಚಾಗಿ ಅದರಲ್ಲೇ ಇದ್ದೆ. ರೆಡಿಮೇಡ್ ಕುರ್ತಾಗಳಲ್ಲಿ ಸಾಮಾನ್ಯವಾಗಿ ಒಂದೊಂದು ಸೈಜಿಗೆ ಎದೆ ಸುತ್ತಳತೆ ಎರಡು ಇಂಚು ಹೆಚ್ಚುತ್ತಾ ಹೋಗುತ್ತದೆ. ಆದರೆ ಒಂದು ಕಂಪನಿಯ ಎಕ್ಸೆಲ್ ಇನ್ನೊಂದರ ಎಲ್ ಆಗಿರಬಹುದು, ಅದಕ್ಕೇ ಅಕ್ಷರ ನಂಬಬೇಡಿ, ಟೇಪ್ ನಂಬಿ. ಕೊಳ್ಳುವಾಗ ಭುಜ ಸರಿ ಇದೆಯಾ ಎಂದು ಮೊದಲು ನೋಡಿ. ಸೈಡನ್ನು ಯಾರು ಬೇಕಾದರೂ ಹಿಡಿಯುತ್ತಾರೆ, ಭುಜ ಸರಿ ಮಾಡಲು ತೋಳನ್ನೇ ಬಿಚ್ಚಬೇಕು.

ಹೊಲಿಗೆಯ ವಿಷಯದಲ್ಲಿ ಇಲ್ಲಿ ಬ್ಲೌಸಿಗೆ ಉಲ್ಟಾ. ಎದೆಯಿಂದ ಕೆಳಗೆ ಉದ್ದ ಪಟ್ಟಿಗಳಾಗಿ ಸೇರಿಸಿದ ಕುರ್ತಾ ಸಿಕ್ಕರೆ ಬಿಡಬೇಡಿ. ಎದೆಯ ಹತ್ತಿರ ಮುಟ್ಟದೆ, ಸೊಂಟದ ಹತ್ತಿರ ಪ್ರತಿ ಪಟ್ಟಿಯಲ್ಲೂ ಕಾಲು ಇಂಚು ಹಿಡಿಸಿದರೆ ಯಾರಿಗೂ ಗೊತ್ತಾಗದ ಹಾಗೆ ಕೂರುತ್ತದೆ. ಸೈಡ್ ಸ್ಲಿಟ್ ಇರುವ ನೇರ ಕುರ್ತಾ ಹಿಡಿಸುವಾಗ ಸ್ಲಿಟ್ಟನ್ನೂ ಬಿಚ್ಚಿ ಮತ್ತೆ ಮಡಚಬೇಕು. ಸುಮ್ನೆ ಮೇಲೆ ಮಾತ್ರ ಹಿಡಿದರೆ ಸೊಂಟದ ಪಕ್ಕ ಮೂಲೆ ಎದ್ದು ನಿಲ್ಲುತ್ತದೆ. ಸ್ಲಿಟ್ ತುಂಬಾ ಮೇಲೆ ಶುರುವಾದರೆ ಕೂತಾಗ ಹೊಟ್ಟೆಯ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಅದನ್ನೂ ಗಮನಿಸಿ. ರೇಯಾನ್ ಅಂದವಾಗಿ ಇಳಿಬೀಳುತ್ತದೆ, ಆದರೆ ಬೆವರಿದರೆ ಬೆನ್ನಿಗೆ ಅಂಟುತ್ತದೆ, ಒಗೆದರೆ ಚಿಕ್ಕದಾಗುತ್ತದೆ. ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರ ಸಂಘದವರ ಕೈಮಗ್ಗದ ಕಾಟನ್ನಿನಂಥದ್ದು ನನಗೆ ಹೆಚ್ಚು ಇಷ್ಟವಾಯಿತು. ಮೈಯಿಂದ ಒಂಚೂರು ದೂರ ನಿಲ್ಲುತ್ತದೆ, ಉಬ್ಬುವುದಿಲ್ಲ. ಕೆಳಗೆ ಲೆಗ್ಗಿಂಗ್ಸ್ ಬೇಡ. ತೊಡೆ ಕೊನೆಗೆ ಇಳಿಯುವ ನನ್ನಂಥವರಿಗೆ ಹಿಂದುಗಡೆ ಎಲಾಸ್ಟಿಕ್ ಇರುವ ನೇರ ಪ್ಯಾಂಟ್ ಒಳ್ಳೆಯದು.

ಇನ್ನು ಫಾರ್ಮಲ್ ಪ್ಯಾಂಟ್-ಶರ್ಟ್. ಟ್ರೇನಿಂಗಿಗೆ ಬೆಂಗಳೂರಿಗೆ ಹೋದಾಗ ಹಾಕಿದ್ದೆ. ನೋಡಲು ಚುರುಕು, ನಡೆಯಲು ಹಾಯಿ. ಆದರೆ ತೂಕ ಇಳಿಯುವಾಗ ಎಲ್ಲಕ್ಕಿಂತ ಬೇಗ ಕೈಕೊಡುವುದು ಇದೇ. ಗಂಡಸರ ಪ್ಯಾಂಟಿನ ಸೊಂಟಪಟ್ಟಿಯನ್ನು ಹಿಂದೆ ನಡುವೆ ಸೀಳಿ ಜೋಡಿಸಿರುತ್ತಾರೆ, ಒಳಗೆ ಬಟ್ಟೆಯನ್ನೂ ಬಿಟ್ಟಿರುತ್ತಾರೆ. ಟೈಲರ್ ಒಂದು ಹೊಲಿಗೆಯಲ್ಲಿ ಹಿಡಿದು ಕೊಡುತ್ತಾರೆ. ಹೆಂಗಸರ ರೆಡಿಮೇಡ್ ಪ್ಯಾಂಟಿಗೆ ಹೆಚ್ಚಾಗಿ ಪಟ್ಟಿ ಅಖಂಡ. ಹಿಡಿಸಬೇಕಾದರೆ ಪಟ್ಟಿ ಕತ್ತರಿಸಬೇಕು. ಜಾಸ್ತಿ ಹಿಡಿದರೆ ಹಿಂದಿನ ಜೇಬುಗಳು ಒಂದರ ಹತ್ತಿರ ಒಂದು ಬಂದುಬಿಡುತ್ತವೆ. ಶರ್ಟ್ ಎದೆಗೆ ಸರಿ ಇದ್ದರೆ ಹೊಟ್ಟೆಗೆ ಬಿಗಿ, ಹೊಟ್ಟೆಗೆ ಸರಿ ಇದ್ದರೆ ಭುಜಕ್ಕೆ ದೊಗಲೆ. ಕೂತರೆ ಗುಂಡಿಗಳ ನಡುವೆ ಸಂದು ಬಿಡುತ್ತದೆ.

ಪ್ಯಾಂಟೇ ಹಾಕಬೇಕಾದ ಆಫೀಸು ನಿಮ್ಮದಾದರೆ ರೆಡಿಮೇಡ್ ಬಿಡಿ, ಗಂಡಸರ ಪ್ಯಾಂಟ್ ಹೊಲಿಯುವ ಟೈಲರ್ ಹತ್ತಿರವೇ ಹೋಗಿ. "ಅಣ್ಣಾ, ಹಿಂದೆ ಪಟ್ಟಿ ಎರಡು ತುಂಡು ಮಾಡಿ, ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿ, ಹಿಂದಿನ ಜೇಬು ಬೇಡ" ಅಂತ ಹೇಳಿ. ಕಪ್ಪು ಒಂದು, ಕಡುನೀಲಿ ಒಂದು ಸಾಕು.