ಒರೆಗಾನ್‌ನ ದನದ ಸೀಮೆಗೆ ಹಳೇ ನಕ್ಷೆಯೇ ಸರಿ: ಟೋಪೋವ್ಯೂ ಬಳಸಿದವರ ಮಾತು

ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿಗೆ ಕೆಲಸಕ್ಕೆ ಬಂದಾಗಿನಿಂದ ರಜೆ ಸಿಕ್ಕರೆ ಪಕ್ಕದ ಒರೆಗಾನ್‌ನ ಸ್ಟೀನ್ಸ್ ಬೆಟ್ಟದ ಕಡೆ ಹೋಗುತ್ತೇನೆ. ದೊಡ್ಡ ದೊಡ್ಡ ರಾಂಚ್‌ಗಳ ಊರು ಅದು. ಮೈಲಿಗಟ್ಟಲೆ ಹೋದರೂ ಸಿಗ್ನಲ್ ಸಿಗಲ್ಲ. ಅಲ್ಲಿಗೆ ನಾನು ವರ್ಷಗಳಿಂದ ನೆಚ್ಚಿಕೊಂಡಿರೋದು ಟೋಪೋವ್ಯೂ ಅನ್ನೋ ವೆಬ್‌ಸೈಟ್. ಅಮೆರಿಕದ ಸರ್ವೆ ಸಂಸ್ಥೆ ಯುಎಸ್‌ಜಿಎಸ್ 1884ರಿಂದ 2006ರವರೆಗೆ ಮಾಡಿದ ನಕ್ಷೆಗಳ ಸ್ಕ್ಯಾನ್‌ಗಳು ಅದರಲ್ಲಿವೆ. ಎಲ್ಲಾ ಪುಕ್ಕಟೆ.

ಹೊಸ ನಕ್ಷೆ ಇರುವಾಗ ಹಳೇದು ಯಾಕೆ ಅಂತೀರಾ? ನೀರಿಗೆ. 2009ರಿಂದ ಬರುತ್ತಿರುವ ಹೊಸ ಹಾಳೆಗಳನ್ನು ಡೇಟಾಬೇಸ್‌ನಿಂದ ತಯಾರಿಸುತ್ತಾರೆ. 1:24,000 ಅಳತೆಯ ಹಳೇ ಹಾಳೆಗಳಿಗೆ ಜನ ಜಾಗಕ್ಕೇ ಹೋಗಿ ನೋಡಿ ಬರುತ್ತಿದ್ದರು. ಹಾಗಾಗಿ ದನ ಕೂಡಿಹಾಕುವ ಕೊರಾಲ್, ನೀರೆತ್ತುವ ಗಾಳಿಯಂತ್ರ, ಜೀಪ್ ಮಾತ್ರ ಹೋಗುವ ದಾರಿ ಇವೆಲ್ಲಾ ಅದರಲ್ಲಿ ಸಿಗುತ್ತವೆ. ಜೂಮ್ ಮಾಡಿದರೆ ಎತ್ತರ ತೋರಿಸುವ ಕಂದು ರೇಖೆಗಳ ನಡುವೆ ಸಣ್ಣ ನೀಲಿ ಸುತ್ತು, ಅದಕ್ಕೊಂದು ಡೊಂಕು ಬಾಲ. ಅದೇ ಒರತೆ. ಈಗ ಅಲ್ಲಿ ನೀರಿದೆ ಅಂತ ಮಾತ್ರ ನಂಬಬೇಡಿ, ಕ್ಯಾನ್ ತುಂಬಿಸಿಕೊಂಡೇ ಹೊರಡಿ.

ಅಂಚಿನ ಸಣ್ಣಕ್ಷರ ಓದದೆ ಇದನ್ನು ಬಳಸಬಾರದು. ಅಚ್ಚಾದ ವರ್ಷ ಬೇರೆ, ವಿಮಾನದಿಂದ ಫೋಟೋ ತೆಗೆದ ವರ್ಷ ಬೇರೆ. ನೇರಳೆ ಬಣ್ಣದಲ್ಲಿರೋದು ಆಮೇಲೆ ಫೋಟೋ ನೋಡಿ ಸೇರಿಸಿದ್ದು, ಜಾಗಕ್ಕೆ ಹೋಗಿ ನೋಡಿದ್ದಲ್ಲ. ಆ ಕಡೆಯ ಮಲ್ಹ್ಯೂರ್ ಕೆರೆಯನ್ನೇ ತಗೊಳ್ಳಿ. ಆಳ ಕಡಿಮೆ, ನೀರು ಸ್ವಲ್ಪ ಏರಿದರೂ ಎಲ್ಲೆಲ್ಲಿಗೋ ಹರಡುತ್ತೆ. 1980ರ ದಶಕದಲ್ಲಿ ಉಕ್ಕಿ ಪಕ್ಕದ ಹಾರ್ನಿ ಕೆರೆಗೇ ಕೂಡಿಕೊಂಡಿತ್ತು. ನಿಮ್ಮ ಹಾಳೆಯಲ್ಲಿರೋದು ಯಾವ ವರ್ಷದ ಕೆರೆ ಅಂತ ಗೊತ್ತಿರಬೇಕಲ್ವಾ?

ಇನ್ನೊಂದು ತೊಡಕು. ಹಳೇ ಹಾಳೆಗಳು ಜಾಸ್ತಿ 1927ರ ಡೇಟಮ್ ಮೇಲೆ, ಅಂದರೆ ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವ ಹಳೇ ಆಧಾರದ ಮೇಲೆ ನಿಂತಿವೆ. ಅಂಚಿನಲ್ಲಿರುವ ಅಕ್ಷಾಂಶ ರೇಖಾಂಶವನ್ನು ಹಾಗೇ ಫೋನಿಗೆ ಹಾಕಿದರೆ ಈ ಕಡೆ ಹತ್ತಿರ ಹತ್ತಿರ 100 ಮೀಟರ್ ಆಚೀಚೆ ಆಗುತ್ತೆ. ಜಾಗದ ಲೆಕ್ಕ ಒಳಗೇ ಇರುವ ಜಿಯೋಟಿಫ್ ಫೈಲ್ ಇಳಿಸಿಕೊಂಡು ನಕ್ಷೆಯ ಆ್ಯಪ್‌ಗೆ ಹಾಕಿ, ಆ ತಲೆನೋವಿಲ್ಲ. ಸುಮ್ನೆ ನೋಡೋದಕ್ಕಾದರೆ ಜೆಪೆಗ್ ಸಾಕು.

ಪ್ರಿಂಟ್ ತೆಗೆಸುವಾಗ 'ಪೂರ್ತಿ ಅಳತೆ, 100%' ಅಂತ ಒತ್ತಿ ಹೇಳಿ. ಒಂದು ಅಂಗಡಿಯವರು ಕಾಗದಕ್ಕೆ ಹೊಂದಿಸಲು ಕುಗ್ಗಿಸಿ ಕೊಟ್ಟರು. ಸ್ಕೇಲ್ ಇಟ್ಟು ಅಳೆದರೆ ದೂರವೆಲ್ಲಾ ಕಡಿಮೆ ಬರುತ್ತಿತ್ತು. ದುಡ್ಡು ವಾಪಸ್ ಕೊಡಲಿಲ್ಲ.