ಬೀಕರ್, ಥೀಲೆ ಟ್ಯೂಬ್, ಮಷಿನ್: ಒಂದೇ ಪುಡಿ, ಮೂರು ಉತ್ತರ

ಬೆಂಜೋಯಿಕ್ ಆಮ್ಲ 122 ಡಿಗ್ರಿಯಲ್ಲಿ ಕರಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಒಂದೇ ಬಾಟಲಿಯ ಪುಡಿಯನ್ನು ಮೂರು ಬಗೆಯಲ್ಲಿ ಕರಗಿಸಿ ನೋಡಿದೆ.

ಮೊದಲು ಬೀಕರ್. ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಸುರಿದು, ಪುಡಿ ತುಂಬಿದ ಕ್ಯಾಪಿಲರಿಯನ್ನು (ಕೂದಲಿನಂಥ ಸಣ್ಣ ಗಾಜಿನ ಕೊಳವೆ) ಥರ್ಮಾಮೀಟರಿಗೆ ಕಟ್ಟಿ, ಕೆಳಗೆ ಬರ್ನರ್ ಇಟ್ಟೆ. ಒಂದು ಕೈಯಲ್ಲಿ ಎಣ್ಣೆ ಕಲಕುತ್ತಲೇ ಇರಬೇಕು, ಇನ್ನೊಂದರಲ್ಲಿ ಉರಿ ಹೆಚ್ಚುಕಮ್ಮಿ ಮಾಡಬೇಕು. ಕೈ ಸ್ವಲ್ಪ ನಿಂತರೂ ಎಣ್ಣೆ ಒಂದೊಂದು ಕಡೆ ಒಂದೊಂದು ಬಿಸಿ. ಸಿಕ್ಕಿದ್ದು 118ರಿಂದ 124. ಇದನ್ನು ರೆಕಾರ್ಡಿನಲ್ಲಿ ಬರೆಯೋಕೆ ನಾಚಿಕೆಯಾಗುತ್ತದೆ.

ಥೀಲೆ ಟ್ಯೂಬಿನಲ್ಲೂ ಅದೇ ಎಣ್ಣೆ, ಅದೇ ಬರ್ನರ್. ಬೇರೆಯಾಗಿರುವುದು ಗಾಜಿನ ಆಕಾರ ಮಾತ್ರ. ಕೊಳವೆಯ ಪಕ್ಕಕ್ಕೆ ಕಪ್ಪಿನ ಹಿಡಿಯಂಥ ಒಂದು ತೋಳು ಇರುತ್ತದೆ. ಉರಿಯನ್ನು ಆ ತೋಳಿಗೆ ಹಿಡಿಯಬೇಕು. ಬಿಸಿಯಾದ ಎಣ್ಣೆ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಕಲಕುವ ಕೆಲಸ ಎಣ್ಣೆಯೇ ಮಾಡಿಕೊಳ್ಳುತ್ತದೆ! ಜರ್ಮನಿಯ ಯೋಹಾನೆಸ್ ಥೀಲೆ 1907ರಲ್ಲಿ ಇದನ್ನು ಪ್ರಕಟಿಸಿದ್ದು. ಇಷ್ಟು ಸರಳ ಉಪಾಯ ಅಲ್ವಾ?

ಮೊದಲ ಸಲ ನನಗೆ ಕೈಕೊಟ್ಟಿದ್ದು ರಬ್ಬರ್ ಬ್ಯಾಂಡ್. ಬಿಸಿ ಎಣ್ಣೆ ತಾಗಿ ಸಡಿಲವಾಯಿತು, ಕ್ಯಾಪಿಲರಿ ತಳ ಸೇರಿತು. ಎರಡನೇ ಸಲ ದಾರ ಕಟ್ಟಿದೆ. 110ರ ತನಕ ಜೋರಾಗಿ, ಆಮೇಲೆ ನಿಮಿಷಕ್ಕೆ 1–2 ಡಿಗ್ರಿಯಂತೆ ಏರಿಸಿದೆ. 121ಕ್ಕೆ ಪುಡಿ ಒದ್ದೆಯಾದಂತೆ ಕಂಡಿತು, 122ಕ್ಕೆ ಪೂರ್ತಿ ತಿಳಿಯಾಯಿತು. ಅದೇ ಆಮ್ಲವನ್ನು ನೀರಿನಲ್ಲಿ ಶುದ್ಧ ಮಾಡಿ ಸರಿಯಾಗಿ ಒಣಗಿಸದೆ ಹಾಕಿದಾಗ 115ಕ್ಕೇ ಶುರುವಾಗಿತ್ತು. ತಪ್ಪು ಟ್ಯೂಬಿನದಲ್ಲ, ನನ್ನ ಅವಸರದ್ದು.

ಇನ್ನು ಕರಗುವ ಬಿಸಿ ಅಳೆಯುವ ಕರೆಂಟಿನ ಮಷಿನ್. ಸುಮ್ನೆ ಗುಂಡಿ ಒತ್ತಿ ಕೂರೋದು ಅಂದುಕೊಂಡಿದ್ದೆ. ನಿಮಿಷಕ್ಕೆ 10 ಡಿಗ್ರಿ ಇಟ್ಟೆ, 125 ತೋರಿಸಿತು. ಪರದೆಯಲ್ಲಿ ಕಾಣುವುದು ಲೋಹದ ಬ್ಲಾಕಿನ ಬಿಸಿ. ಗಾಜಿನೊಳಗಿನ ಪುಡಿ ಅದಕ್ಕಿಂತ ಹಿಂದೆ ಬಿದ್ದಿರುತ್ತದೆ. 1 ಡಿಗ್ರಿಗೆ ಇಳಿಸಿದ ಮೇಲೆ 122 ಬಂತು. ದಶಾಂಶದ ಅಂಕಿ ನೋಡಿ ಮರುಳಾಗಬೇಡಿ.

ಆದರೂ ಒಂದು ಕೆಲಸಕ್ಕೆ ಮಷಿನ್‌ಗೇ ನನ್ನ ಓಟು. ಯೂರಿಯಾ, ಸಿನಾಮಿಕ್ ಆಮ್ಲ ಎರಡೂ ಬಿಳಿ ಪುಡಿ, ಎರಡೂ 133ರ ಹತ್ತಿರ ಕರಗುತ್ತವೆ. ಹೆಸರಿಲ್ಲದ ಪುಡಿ 133ಕ್ಕೆ ಕರಗಿದರೆ ಯಾವುದು ಅಂತ ಹೇಳೋದು? ಗೊತ್ತಿರುವ ಯೂರಿಯಾವನ್ನು ಅದಕ್ಕೆ ಬೆರೆಸಿ ನೋಡಬೇಕು. ಅದೂ ಯೂರಿಯಾ ಆಗಿದ್ದರೆ 133 ಕದಲುವುದಿಲ್ಲ; ಬೇರೆಯಾಗಿದ್ದರೆ ಮಿಶ್ರಣ ಇನ್ನೂ ಕಡಿಮೆ ಬಿಸಿಗೇ ಕರಗುತ್ತದೆ. ನನ್ನ ಮಿಶ್ರಣ 110 ಮುಟ್ಟುವ ಮೊದಲೇ ಒದ್ದೆಯಾಗತೊಡಗಿತು, ಅಂದರೆ ಆ ಪುಡಿ ಯೂರಿಯಾ ಅಲ್ಲ. ಮಷಿನ್‌ನಲ್ಲಿ ಮೂರು ತೂತು ಇದ್ದವು. ಪುಡಿ, ಯೂರಿಯಾ, ಮಿಶ್ರಣ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೇ ಸಲಕ್ಕೆ ನೋಡಿದೆ. ಥೀಲೆಯಲ್ಲಿ ಎರಡು ಕ್ಯಾಪಿಲರಿ ಕಟ್ಟಬಹುದು. ಮೂರಾದರೆ ಕಣ್ಣಿಗೆ ಕಷ್ಟ.

ಬಿ.ಎಸ್ಸಿ. ಹುಡುಗರು ಕೇಳಿದರೆ ಮೊದಲು ಥೀಲೆಯಲ್ಲೇ ಮಾಡಿ ಅನ್ನುತ್ತೇನೆ. ಪುಡಿ ಕುಗ್ಗುವುದು, ಒದ್ದೆಯಾಗುವುದು, ತಿಳಿಯಾಗುವುದು ಕಣ್ಣಿಗೆ ರೂಢಿಯಾಗುತ್ತದೆ. ಜಾಸ್ತಿ ಸ್ಯಾಂಪಲ್ ಇದ್ದರೆ ಮಷಿನ್. 200 ಡಿಗ್ರಿ ದಾಟುವ ಪುಡಿಗಂತೂ ಮಷಿನ್ನೇ ಸರಿ. ಅಷ್ಟು ಬಿಸಿಗೆ ಪ್ಯಾರಾಫಿನ್ ಹೊಗೆಯಾಡಲು ಶುರುಮಾಡಿರುತ್ತದೆ.