ಅಮ್ಮನ ಬಿಸಿನೆಸ್ ಕ್ಲಾಸ್ ಸೀಟಿಗೆ ಯಾವ ಕಾರ್ಡ್? ಅಟ್ಲಾಸ್, ಇನ್ಫಿನಿಯಾ ಎರಡನ್ನೂ ಬಳಸಿ ನೋಡಿದ ಲೆಕ್ಕ

ಅಕ್ಕ ಸಿಂಗಾಪುರದಲ್ಲಿದ್ದಾಳೆ. ಅಮ್ಮನಿಗೆ ಎರಡೂ ಮಂಡಿ ನೋವು. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ, ಅದೇನು ಮಹಾ ದೂರ ಅಂತ ನಮಗೆ ಅನ್ನಿಸಬಹುದು. ಆದರೆ ಹಿಂದಿನ ಸಲ ಎಕಾನಮಿಯಲ್ಲಿ ಕಾಲು ಚಾಚೋಕೂ ಜಾಗ ಇಲ್ಲದೆ ಕೂತು ಹೋದವಳು, ಇಳಿದ ಮೇಲೆ ಎರಡು ದಿನ ಮೆಟ್ಟಿಲು ಹತ್ತಲಿಲ್ಲ. ಈ ಸಲ ಬಿಸಿನೆಸ್ ಕ್ಲಾಸೇ ಅಂತ ನಿರ್ಧಾರ ಮಾಡಿದೆ. ಅಷ್ಟು ದುಡ್ಡು ಸುರಿಯೋಕೆ ಆಗಲ್ಲ, ಆದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಖರ್ಚು ಮಾಡಿದ್ದಕ್ಕೆ ಸಿಕ್ಕ, ಮೂರು ವರ್ಷದಿಂದ ಕೂಡಿಟ್ಟ ಪಾಯಿಂಟ್ ಇತ್ತು.

ನನ್ನ ಹತ್ತಿರ ಆಕ್ಸಿಸ್ ಅಟ್ಲಾಸ್, ಗಂಡನ ಹತ್ತಿರ ಎಚ್‌ಡಿಎಫ್‌ಸಿ ಇನ್ಫಿನಿಯಾ. ಎರಡರಿಂದಲೂ ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ಗೆ ಖಾತೆಗೆ ಪಾಯಿಂಟ್ ಕಳಿಸಬಹುದು, ಅಲ್ಲಿ ಅವು ಮೈಲ್ ಆಗುತ್ತವೆ, ದುಡ್ಡಿನ ಬದಲು ಆ ಮೈಲ್ ಕೊಟ್ಟು ಟಿಕೆಟ್ ತೆಗೆಯಬಹುದು. ಅದಕ್ಕೇ ಈ ಹೋಲಿಕೆ. ಇಲ್ಲಿರುವುದು ನಾವು ಬಳಸಿದಾಗಿನ ನಿಯಮ. ಬ್ಯಾಂಕುಗಳು ಬದಲಿಸುತ್ತಲೇ ಇರುತ್ತವೆ, ಅರ್ಜಿ ಹಾಕುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಮೊದಲು ಫೀಸು. ಅಟ್ಲಾಸ್‌ಗೆ ವರ್ಷಕ್ಕೆ 5,000, ಜಿಎಸ್‌ಟಿ ಸೇರಿ 5,900. ಇನ್ಫಿನಿಯಾಗೆ 12,500, ಜಿಎಸ್‌ಟಿ ಸೇರಿ 14,750. ವರ್ಷಕ್ಕೆ 10 ಲಕ್ಷ ಖರ್ಚು ಮಾಡಿದರೆ ಇನ್ಫಿನಿಯಾ ಫೀಸು ಮನ್ನಾ. ಆದರೆ ಆ ಕಾರ್ಡನ್ನು ಬ್ಯಾಂಕೇ ಕರೆದು ಕೊಡಬೇಕು, ಬೇಕು ಅಂದವರಿಗೆಲ್ಲ ಸಿಗಲ್ಲ.

ಈಗ ಅಸಲಿ ವಿಷಯ. ಅಟ್ಲಾಸ್‌ನಲ್ಲಿ 100 ರೂಪಾಯಿಗೆ 2 ಎಡ್ಜ್ ಮೈಲ್ಸ್ (ಆ ಕಾರ್ಡಿನ ಪಾಯಿಂಟ್‌ಗೆ ಬ್ಯಾಂಕ್ ಇಟ್ಟ ಹೆಸರು), ಒಂದು ಎಡ್ಜ್ ಮೈಲ್ ಕೊಟ್ಟರೆ ಕ್ರಿಸ್‌ಫ್ಲೈಯರ್‌ನಲ್ಲಿ ಎರಡು ಮೈಲ್ ಬರುತ್ತದೆ. ಅಂದರೆ ಲಕ್ಷ ರೂಪಾಯಿ ಉಜ್ಜಿದರೆ 4,000 ಮೈಲ್. ಇನ್ಫಿನಿಯಾದಲ್ಲಿ 150 ರೂಪಾಯಿಗೆ 5 ಪಾಯಿಂಟ್, ಒಂದಕ್ಕೆ ಒಂದು ಮೈಲ್. ಲಕ್ಷಕ್ಕೆ ಸುಮಾರು 3,333. ಕಡಿಮೆ ಫೀಸಿನ ಕಾರ್ಡೇ ಮುಂದೆ! ನಾನೂ ಮೊದಲ ಸಲ ನಂಬಲಿಲ್ಲ, ಎರಡು ಸಲ ಕೂಡಿಸಿ ನೋಡಿದೆ. ವಿಮಾನ ಕಂಪನಿಯ ಸೈಟಿನಲ್ಲೇ ನೇರವಾಗಿ ಟಿಕೆಟ್ ತೆಗೆದರೆ ಅಟ್ಲಾಸ್ 100ಕ್ಕೆ 5 ಎಡ್ಜ್ ಮೈಲ್ಸ್ ಕೊಡುತ್ತದೆ, ಅಂದರೆ ಲಕ್ಷದ ಟಿಕೆಟ್‌ಗೆ 10,000 ಮೈಲ್. ನನ್ನ ತಮ್ಮನ ಕುಟುಂಬದ ಟಿಕೆಟ್‌ಗಳನ್ನೂ ನಾನೇ ಬುಕ್ ಮಾಡಿ ಅವನಿಂದ ದುಡ್ಡು ಹಾಕಿಸಿಕೊಂಡೆ, ಒಂದೇ ವರ್ಷದಲ್ಲಿ ವ್ಯತ್ಯಾಸ ಕಂಡಿತು. ಇನ್ಫಿನಿಯಾ ಮಿಂಚುವುದು ಎಚ್‌ಡಿಎಫ್‌ಸಿಯದೇ ಬುಕಿಂಗ್ ಸೈಟ್ ಸ್ಮಾರ್ಟ್‌ಬೈ ಮೂಲಕ ಹೋದಾಗ, ಅಲ್ಲಿ ವಿಮಾನದ ಟಿಕೆಟ್‌ಗೆ ಐದು ಪಟ್ಟು ಪಾಯಿಂಟ್, ತಿಂಗಳಿಗೆ ಒಂದು ಮಿತಿಯವರೆಗೆ.

ಅಟ್ಲಾಸ್‌ನ ತೊಡಕು ಎರಡು. ವಿಮೆ, ಕರೆಂಟ್ ಬಿಲ್, ಪೆಟ್ರೋಲ್, ಬಾಡಿಗೆ, ಚಿನ್ನ ಯಾವುದಕ್ಕೂ ಮೈಲ್ ಇಲ್ಲ. ನಮ್ಮಂಥ ಮನೆಗಳಲ್ಲಿ ದೊಡ್ಡ ಖರ್ಚು ಇವೇ ಅಲ್ವಾ? ಅಕ್ಷಯ ತೃತೀಯಕ್ಕೆ ಅತ್ತೆ ತೆಗೆದುಕೊಂಡ ಬಳೆಗೆ ಒಂದು ಮೈಲೂ ಬರಲಿಲ್ಲ. ಇನ್ನೊಂದು, ಪಾಯಿಂಟ್ ಕಳಿಸಬಹುದಾದ ಕಂಪನಿಗಳನ್ನು ಆಕ್ಸಿಸ್ ಗುಂಪು ಮಾಡಿದೆ, ಕ್ರಿಸ್‌ಫ್ಲೈಯರ್ ಇರುವ ಗುಂಪಿಗೆ ವರ್ಷಕ್ಕೆ 30,000 ಎಡ್ಜ್ ಮೈಲ್ಸ್ ಮಾತ್ರ ಕಳಿಸಬಹುದು, ಅಂದರೆ 60,000 ಕ್ರಿಸ್‌ಫ್ಲೈಯರ್ ಮೈಲ್. ನನ್ನೊಬ್ಬಳಿಗೆ ಅದು ಧಾರಾಳ. ಮನೆಮಂದಿಗೆಲ್ಲ ಅಂದರೆ ಸಾಲದು.

ಇನ್ಫಿನಿಯಾದ ಒಂದು ಗುಣ ನನಗೆ ನಿಜಕ್ಕೂ ಇಷ್ಟವಾಯಿತು. ಮೈಲ್ಸ್ ಸೀಟು ಸಿಗದಿದ್ದರೂ ಪಾಯಿಂಟ್ ಸುಮ್ನೆ ಕೂರಲ್ಲ, ಸ್ಮಾರ್ಟ್‌ಬೈನಲ್ಲಿ ಒಂದು ಪಾಯಿಂಟ್‌ಗೆ ಒಂದು ರೂಪಾಯಿ ಲೆಕ್ಕದಲ್ಲಿ ಟಿಕೆಟ್ ಕೊಳ್ಳಬಹುದು. ಬೆಲೆಯ ಶೇ. 70ರವರೆಗೆ ಪಾಯಿಂಟ್, ಉಳಿದದ್ದು ಕಾರ್ಡ್‌ನಲ್ಲಿ. 50,000ದ ಟಿಕೆಟ್ ಆದರೆ 35,000 ಪಾಯಿಂಟ್, 15,000 ಕೈಯಿಂದ. ಹಾಗಾಗಿ ಗಂಡನ ಪಾಯಿಂಟ್ ಮುಟ್ಟುವ ಮುಂಚೆ ನಾನು ಮಾಡುವ ಲೆಕ್ಕ ಒಂದೇ: ದುಡ್ಡಿನ ಟಿಕೆಟ್ ಬೆಲೆಯಲ್ಲಿ ಮೈಲ್ಸ್ ಟಿಕೆಟ್‌ಗೆ ಕಟ್ಟಬೇಕಾದ ತೆರಿಗೆ ಕಳೆದು, ಬೇಕಾದ ಮೈಲ್‌ಗಳಿಂದ ಭಾಗಿಸುವುದು. ಟಿಕೆಟ್ 80,000, ತೆರಿಗೆ 8,000, ಮೈಲ್ 40,000 ಅಂತಿಟ್ಟುಕೊಳ್ಳಿ, ಮೈಲ್‌ಗೆ 1 ರೂಪಾಯಿ 80 ಪೈಸೆ ಬಿತ್ತು. ಒಂದು ರೂಪಾಯಿಗಿಂತ ಚೆನ್ನಾಗಿ ಮೇಲಿದ್ದರೆ ಕಳಿಸು, ಇಲ್ಲದಿದ್ದರೆ ಸ್ಮಾರ್ಟ್‌ಬೈ. ಎಕಾನಮಿ ಟಿಕೆಟ್‌ಗೆ ಮೈಲ್ ಸುರಿದರೆ ಈ ಲೆಕ್ಕದಲ್ಲಿ ಬಹಳ ಸಲ ಸೋಲುತ್ತೀರಿ.

ತೆರಿಗೆ ವಿಷಯ ಬಂದಾಗ ಒಂದು ಮಾತು. ಕೆಲವು ವಿಮಾನ ಕಂಪನಿಗಳು ಮೈಲ್ಸ್ ಟಿಕೆಟ್‌ಗೂ ಇಂಧನ ಸರ್‌ಚಾರ್ಜ್ ಹಾಕುತ್ತವೆ, ಪುಕ್ಕಟೆ ಅಂದುಕೊಂಡ ಟಿಕೆಟ್‌ಗೆ ಹತ್ತಾರು ಸಾವಿರ ಎಣಿಸಬೇಕಾಗುತ್ತದೆ. ಸಿಂಗಾಪುರ್ ಏರ್‌ಲೈನ್ಸ್ ತನ್ನ ವಿಮಾನಗಳ ಮೈಲ್ಸ್ ಟಿಕೆಟ್‌ಗೆ ಅದನ್ನು 2017ರಲ್ಲೇ ತೆಗೆದುಹಾಕಿತು. ನಾನು ಕ್ರಿಸ್‌ಫ್ಲೈಯರ್‌ಗೆ ಅಂಟಿಕೊಂಡದ್ದಕ್ಕೆ ಮುಖ್ಯ ಕಾರಣ ಇದು.

ಒಮ್ಮೆ ಪೆಟ್ಟು ತಿಂದಿದ್ದೇನೆ. ಮೂರನೇ ಒಂದು ಕಾರ್ಡ್ ಇತ್ತು, ಹೆಸರು ಬೇಡ. ಸೀಟು ಕಂಡ ಕೂಡಲೇ ಪಾಯಿಂಟ್ ಕಳಿಸಿದೆ, ತಲುಪೋಕೆ ನಾಲ್ಕು ದಿನ ಹಿಡಿಯಿತು, ಅಷ್ಟರಲ್ಲಿ ಸೀಟು ಬೇರೆಯವರ ಪಾಲು. ಕಳಿಸಿದ ಪಾಯಿಂಟ್ ವಾಪಸ್ ಬರಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ. ಅದಾದ ಮೇಲೆ ಒಂದೇ ದಿನಾಂಕ ನೆಚ್ಚಿಕೊಳ್ಳುವುದಿಲ್ಲ, ನಡೆಯುವಂಥ ನಾಲ್ಕೈದು ದಿನಗಳಲ್ಲೂ ಸೀಟು ಇದೆಯಾ ಅಂತ ನೋಡಿಯೇ ಕಳಿಸುತ್ತೇನೆ.

ಅಮ್ಮನ ಟಿಕೆಟ್ ಕೊನೆಗೆ ಎರಡೂ ಕಾರ್ಡ್ ಸೇರಿಯೇ ಆಯಿತು. ನನ್ನ ಮೈಲ್ಸ್ ನನ್ನ ಹೆಸರಿನ ಖಾತೆಗೆ, ಗಂಡನದು ಅವರ ಖಾತೆಗೆ, ಎರಡನ್ನೂ ಒಂದೇ ಕಡೆ ಸುರಿಯಲು ದಾರಿ ಇಲ್ಲ. ಆದರೆ ಕ್ರಿಸ್‌ಫ್ಲೈಯರ್‌ನಲ್ಲಿ ಐದು ಜನರನ್ನು ನಾಮಿನಿ ಮಾಡಬಹುದು, ಅಂದರೆ ನಮ್ಮ ಮೈಲ್‌ನಲ್ಲಿ ಅವರಿಗೂ ಟಿಕೆಟ್ ತೆಗೆಯಬಹುದು, ಒಂದು ಕಡೆಯ ಟಿಕೆಟ್ ಬೇರೆಯಾಗಿಯೂ ತೆಗೆಯಬಹುದು. ಇಬ್ಬರೂ ಅಮ್ಮನನ್ನು ನಾಮಿನಿ ಮಾಡಿಕೊಂಡೆವು. ಹೋಗುವುದು ನನ್ನ ಅಟ್ಲಾಸ್ ಮೈಲ್‌ನಲ್ಲಿ, ಬರುವುದು ಅವರ ಇನ್ಫಿನಿಯಾ ಪಾಯಿಂಟ್‌ನಲ್ಲಿ.

ಒಂದೇ ಕಾರ್ಡ್ ಇಟ್ಟುಕೊಳ್ಳುವುದಾದರೆ? ವರ್ಷಕ್ಕೆ ನಾಲ್ಕೈದು ಲಕ್ಷ ಖರ್ಚು ಮಾಡುವ, ಅದರಲ್ಲಿ ವಿಮಾನ ಟಿಕೆಟ್ ಜಾಸ್ತಿ ಇರುವ ಮನೆಗೆ ಅಟ್ಲಾಸ್. 10 ಲಕ್ಷ ದಾಟುವವರಿಗೆ, ದಿನಾಂಕ ಹಿಂದೆ ಮುಂದೆ ಮಾಡಿಕೊಳ್ಳಲು ಆಗದವರಿಗೆ ಇನ್ಫಿನಿಯಾ, ಸಿಕ್ಕರೆ. ತಿಂಗಳ ಬಿಲ್ ಪೂರ್ತಿ ಕಟ್ಟಲು ಆಗದಿದ್ದರೆ ಎರಡೂ ಬೇಡ, ಬಡ್ಡಿಯ ಮುಂದೆ ಯಾವ ಮೈಲೂ ನಿಲ್ಲಲ್ಲ.

ಟರ್ಮಿನಲ್ 2ರಿಂದ ರಾತ್ರಿ ವಿಮಾನ ಹತ್ತಿದ ಅಮ್ಮ ಬೆಳಗ್ಗೆ ಅಕ್ಕನ ಮನೆಯಿಂದ ಫೋನ್ ಮಾಡಿದಳು. ಸೀಟು ಮಂಚದ ಹಾಗೆ ಮಲಗಿತಂತೆ, ಕಾಲು ಚಾಚಿ ಮೂರು ಗಂಟೆ ನಿದ್ದೆ ಮಾಡಿದಳಂತೆ. "ಮಂಡಿ ಹೇಗಿದೆಯಮ್ಮ?" ಅಂದೆ. "ಅದರ ನೆನಪೇ ಬರಲಿಲ್ಲ ಕಣೇ" ಅಂದಳು. ಖಾತೆಯಲ್ಲಿ ಇನ್ನೂ ಸ್ವಲ್ಪ ಮೈಲ್ ಉಳಿದಿದೆ, 36 ತಿಂಗಳಾದರೆ ಅವಧಿ ಮುಗಿಯುತ್ತದೆ, ಆ ದಿನಾಂಕವನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.